ಸ್ಪ್ಯಾನಿಶ್ ಹುಡುಕಾಟ: ‘ತೆ’ ಅಂದರೆ ಚಹಾ, ಆದರೆ ಒಂದು ಫಲಿತಾಂಶವೂ ಬರುತ್ತಿಲ್ಲ (ಪೋಸ್ಟ್‌ಗ್ರೆಸ್)

ಕಾಫಿಗಿಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಸ್ಪ್ಯಾನಿಶ್ ಕಲಿಯುತ್ತಿದ್ದೇನೆ. ಕ್ಲಾಸಿನ ಟಿಪ್ಪಣಿ, ಅಡುಗೆ ವಿಧಾನ, ಪದಗಳ ಪಟ್ಟಿ ಎಲ್ಲವನ್ನೂ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹಾಕಿ, ಹುಡುಕೋಕೆ ಒಂದು ಸಣ್ಣ ಪುಟ ಮಾಡಿಕೊಂಡಿದ್ದೇನೆ. ನನ್ನ ಕೀಬೋರ್ಡಿನಲ್ಲಿ ಸ್ವರದ ಮೇಲಿನ ಓರೆ ಗೆರೆ ಹಾಕುವುದು ಕಷ್ಟ. ಅದಕ್ಕೇ ಗೆರೆ ಅಳಿಸುವ ಅನ್‌ಆಕ್ಸೆಂಟ್ ಮೊದಲು, ಪದದ ಬಾಲ ಕತ್ತರಿಸಿ ಬುಡ ಉಳಿಸುವ ಸ್ಪ್ಯಾನಿಶ್ ಸ್ಟೆಮ್ಮರ್ ಆಮೇಲೆ ಅಂತ ಸಾಲಾಗಿ ಜೋಡಿಸಿದೆ. ಗೆರೆ ಇದ್ದರೂ ಇಲ್ಲದಿದ್ದರೂ ಸಿಗಬೇಕು ಅಂತ ಆಸೆ.

ಮೊನ್ನೆ ಪುದೀನ ಚಹಾ ಮಾಡುವ ವಿಧಾನ ಬೇಕಿತ್ತು. ‘ತೆ’ ಅಂತ ಹುಡುಕಿದೆ. ಸೊನ್ನೆ. ಗೆರೆ ಹಾಕಿ ಹುಡುಕಿದೆ, ಆಗಲೂ ಸೊನ್ನೆ. ಟಿಪ್ಪಣಿಯಂತೂ ಕಣ್ಣೆದುರಿಗೇ ಇದೆ! ‘ನಿಮ್ಮ ಹುಡುಕಾಟದಲ್ಲಿ ಬರೀ ಸ್ಟಾಪ್ ವರ್ಡ್‌ಗಳಿವೆ’ ಅನ್ನುವ ಅರ್ಥದ ಒಂದು ಸೂಚನೆ ಮಾತ್ರ ಬಂತು (ಸ್ಟಾಪ್ ವರ್ಡ್ ಅಂದರೆ ಹುಡುಕಾಟ ಲೆಕ್ಕಕ್ಕೆ ತೆಗೆದುಕೊಳ್ಳದ ತೀರಾ ಸಾಮಾನ್ಯ ಪದ).

ಇನ್ನೂ ಮೂರು ತೊಂದರೆ ಇವೆ. ‘ಕಾನ್ಯಾ’ (ಕಬ್ಬು) ಹುಡುಕಿದರೆ ‘ಕಾನಾ’ (ನರೆಗೂದಲು) ಇರುವ ಟಿಪ್ಪಣಿಗಳೂ ಬರುತ್ತವೆ. ‘ನುವೆಸ್’ (ಆಕ್ರೋಟು) ಹುಡುಕಿದರೆ ಅದರ ಬಹುವಚನ ‘ನುವೆಸೆಸ್’ ಇರುವ ಟಿಪ್ಪಣಿ ಸಿಗುವುದಿಲ್ಲ. ‘ಕೊಮೆರ್’ (ತಿನ್ನು) ಹುಡುಕಿದರೆ ‘ಕೊಮೀಯಾನ್’ (ತಿನ್ನುತ್ತಿದ್ದರು) ಸಿಗುವುದಿಲ್ಲ. ಎಲ್ಲಿ ತಪ್ಪಿದೆ?

ಹಳೇಕೀಲಿಮಣೆ ಬರೆದದ್ದು:

ಕಾಫಿಗಿಡ ಅವರೇ, ನೀವು ಜೋಡಿಸಿದ ಸಾಲೇ ತೊಂದರೆಯ ಮೂಲ. ಟು_ಟಿಎಸ್‌ವೆಕ್ಟರ್ ಅಂತ ಒಂದು ಫಂಕ್ಷನ್ ಇದೆ. ಅದಕ್ಕೆ ನಿಮ್ಮ ಕಾನ್ಫಿಗರೇಶನ್ (ನೀವು ಜೋಡಿಸಿದ ಸಾಲು) ಹೆಸರು, ಒಂದು ಪದ ಕೊಡಿ. ಆ ಪದ ಸಾಲಿನ ಎಲ್ಲ ಡಿಕ್ಷನರಿಗಳನ್ನೂ (ಅನ್‌ಆಕ್ಸೆಂಟ್, ಸ್ಟೆಮ್ಮರ್ ಇಂಥ ಒಂದೊಂದು ಹೆಜ್ಜೆ) ದಾಟಿ ಕೊನೆಗೆ ಏನಾಗಿ ಹೊರಬಂತು ಅಂತ ತೋರಿಸುತ್ತದೆ. ಗೆರೆಯಿರುವ ‘ತೆ’ ಕೊಟ್ಟು ನೋಡಿ, ಉತ್ತರ ಖಾಲಿ ಬರುತ್ತದೆ.

ಯಾಕೆ ಅಂದರೆ, ಸ್ಪ್ಯಾನಿಶ್‌ನಲ್ಲಿ ಗೆರೆಯಿಲ್ಲದ ‘ತೆ’ ಅಂದರೆ ‘ನಿನಗೆ, ನಿನ್ನನ್ನು’. ಎಲ್ಲೆಂದರಲ್ಲಿ ಬರುವ ಪದ, ಹಾಗಾಗಿ ಸ್ಟಾಪ್ ವರ್ಡ್ ಪಟ್ಟಿಯಲ್ಲಿದೆ. ಗೆರೆಯಿರುವ ‘ತೆ’ ಚಹಾ. ಅದು ಪಟ್ಟಿಯಲ್ಲಿಲ್ಲ. ಅನ್‌ಆಕ್ಸೆಂಟ್ ಮೊದಲೇ ಗೆರೆ ಅಳಿಸಿದ್ದರಿಂದ ನಿಮ್ಮ ಚಹಾ ‘ನಿನಗೆ’ ಆಗಿಬಿಟ್ಟಿತು, ಸ್ಟೆಮ್ಮರ್ ಎತ್ತಿ ಹೊರಗೆ ಹಾಕಿತು.

‘ಕೊಮೀಯಾನ್’ ಕಥೆಯೂ ಇದೇ. ಪೋಸ್ಟ್‌ಗ್ರೆಸ್ ಜೊತೆ ಬರುವ ಸ್ನೋಬಾಲ್ ಸ್ಟೆಮ್ಮರ್ ಪದದ ಬಾಲ ನೋಡಿ ಕತ್ತರಿಸುತ್ತದೆ. ‘ಐ’ ಮೇಲೆ ಗೆರೆಯಿರುವ ‘ಈಯಾನ್’ ಅನ್ನುವ ಬಾಲ ಅದಕ್ಕೆ ಗೊತ್ತು. ಅದನ್ನು ಪೂರ್ತಿ ತೆಗೆದು ‘ಕೊಮ್’ ಉಳಿಸುತ್ತದೆ. ‘ಕೊಮೆರ್’ ಕೂಡ ‘ಕೊಮ್’ ಆಗುತ್ತದೆ, ಎರಡೂ ಕೂಡುತ್ತವೆ. ಗೆರೆ ಮೊದಲೇ ಹೋದರೆ ಆ ಬಾಲ ಗುರುತು ಸಿಗುವುದಿಲ್ಲ. ಬರೀ ‘ಆನ್’ ಕತ್ತರಿಸಿ ‘ಕೊಮಿ’ ಉಳಿಸುತ್ತದೆ. ಆಮೇಲೆ ಅದು ಯಾವತ್ತೂ ‘ಕೊಮ್’ ಜೊತೆ ಸೇರುವುದಿಲ್ಲ.

ಇನ್ನೊಂದು ವಿಷಯ. ಸ್ನೋಬಾಲ್ ಬಾಲ ಕತ್ತರಿಸಿದ ಮೇಲೆ, ಕೊನೆಯ ಹೆಜ್ಜೆಯಲ್ಲಿ ಸ್ವರದ ಮೇಲಿನ ಗೆರೆಯನ್ನು ತಾನೇ ಅಳಿಸುತ್ತದೆ. ಹಾಗಾಗಿ ಎಷ್ಟೋ ಪದಗಳಿಗೆ ಅನ್‌ಆಕ್ಸೆಂಟ್ ಬೇಕಾಗಿಯೇ ಇಲ್ಲ.

ಬೆಳಗಿನಬಸ್ಸು ಬರೆದದ್ದು:

ಕಾನ್ಯಾ ಬಗ್ಗೆ ನಾನು ಹೇಳ್ತೀನಿ. ಸ್ಪ್ಯಾನಿಶ್ ಮಾತಾಡುವವರಿಗೆ ಎನ್ ಮೇಲೆ ಅಲೆಗೆರೆ ಇರುವ ‘ಎನ್ಯೆ’ ಅಂದರೆ ಅಲಂಕಾರ ಮಾಡಿಸಿಕೊಂಡ ಎನ್ ಅಲ್ಲ, ಬೇರೆಯೇ ಅಕ್ಷರ. ಅವರ 27 ಅಕ್ಷರಗಳಲ್ಲಿ ಅದೂ ಒಂದು, ಕೀಬೋರ್ಡಿನಲ್ಲಿ ಅದಕ್ಕೆ ಸ್ವಂತ ಕೀಲಿ ಇದೆ. ಅವಸರದಲ್ಲಿ ಮೆಸೇಜ್ ಕಳಿಸುವಾಗ ಸ್ವರದ ಗೆರೆ ಬಿಡುವವರು ಬಹಳ ಜನ. ಎನ್ಯೆ ಬಿಡುವವರು ಕಡಿಮೆ. ‘ಆನ್ಯೊ’ ಅಂದರೆ ವರ್ಷ, ಅಲೆ ತೆಗೆದರೆ ಗುದ ಅಂತ ಅರ್ಥ. ನಮ್ಮಲ್ಲಿ ಹಳ್ಳಿಯನ್ನೂ ಹಲ್ಲಿಯನ್ನೂ ಒಂದೇ ಅಂತ ತಿಳಿದು ಹುಡುಕಿದರೆ ಹೇಗಿರುತ್ತದೆ ಹೇಳಿ! ಸ್ವರದ ಗೆರೆ ಅಳಿಸುವುದೂ ಎನ್ಯೆಯ ಅಲೆ ಅಳಿಸುವುದೂ ಒಂದೇ ತೂಕದ ಕೆಲಸ ಅಲ್ಲ. ಅನ್‌ಆಕ್ಸೆಂಟ್‌ಗೆ ಈ ವ್ಯತ್ಯಾಸ ತಿಳಿಯದು, ಅದರ ನಿಯಮದ ಫೈಲಿನಲ್ಲಿ ಎರಡೂ ಇವೆ.

ಕಾಫಿಗಿಡ:

ಈಗ ಅರ್ಥವಾಯ್ತು. ಆದರೆ ನನಗೆ ಎನ್ಯೆ ಒತ್ತೋದೂ ಕಷ್ಟ ಅಲ್ವಾ? ಅನಾನಸ್‌ಗೆ ‘ಪಿನ್ಯಾ’ ಬದಲು ಸುಮ್ನೆ ‘ಪಿನಾ’ ಅಂತ ಹಾಕ್ತೀನಿ. ಅದೂ ಸಿಗಬೇಕು.

ಹಳೇಕೀಲಿಮಣೆ:

ಸಿಗುತ್ತದೆ. ಎರಡು ದಾರಿಯನ್ನೂ ಇಟ್ಟುಕೊಳ್ಳಿ. ಮೊದಲನೆಯದು ಪೋಸ್ಟ್‌ಗ್ರೆಸ್‌ನ ಸ್ವಂತ ‘ಸ್ಪ್ಯಾನಿಶ್’ ಕಾನ್ಫಿಗರೇಶನ್, ಏನೂ ಮುಟ್ಟದೆ. ಎರಡನೆಯದು ಈಗ ನಿಮ್ಮಲ್ಲಿರುವ ಅನ್‌ಆಕ್ಸೆಂಟ್ ಸಾಲು. ಅದರಲ್ಲಿ ಒಂದೇ ಬದಲಾವಣೆ: ಸ್ಟಾಪ್ ವರ್ಡ್ ಪಟ್ಟಿ ಕೊಡದೆ ಹೊಸ ಸ್ನೋಬಾಲ್ ಡಿಕ್ಷನರಿ ಮಾಡಿ, ಅದನ್ನು ಹಾಕಿ. ಎರಡರಿಂದಲೂ ಟಿಎಸ್‌ವೆಕ್ಟರ್ (ಹುಡುಕಲು ಸಿದ್ಧವಾದ ಪದಗಳ ಪಟ್ಟಿ) ಮಾಡಿ, ಸೆಟ್‌ವೇಟ್ ಫಂಕ್ಷನ್‌ನಿಂದ ಮೊದಲನೆಯದಕ್ಕೆ ‘ಎ’ ತೂಕ, ಎರಡನೆಯದಕ್ಕೆ ‘ಡಿ’ ತೂಕ ಕೊಟ್ಟು ಒಂದೇ ಕಾಲಮ್ಮಿಗೆ ಸೇರಿಸಿ. ಟಿಎಸ್_ರ‍್ಯಾಂಕ್‌ನಲ್ಲಿ ಫಲಿತಾಂಶಗಳಿಗೆ ಅಂಕ ಕೊಡುವಾಗ ಎ ಅಂದರೆ 1.0, ಡಿ ಅಂದರೆ 0.1. ಹುಡುಕುವ ಪದವನ್ನೂ ಎರಡೂ ದಾರಿಯಲ್ಲಿ ಕಳಿಸಿ ‘ಅಥವಾ’ದಿಂದ ಜೋಡಿಸಿ.

ಆಗ ಎನ್ಯೆ ಹಾಕಿ ಹುಡುಕಿದರೆ ಸಾಮಾನ್ಯವಾಗಿ ಕಬ್ಬು ಮೇಲೆ, ನರೆಗೂದಲು ಕೆಳಗೆ. ‘ಪಿನಾ’ ಅಂದರೂ ಅನಾನಸ್ ಸಿಗುತ್ತದೆ. ಗೆರೆಯಿರುವ ‘ತೆ’ಗೆ ಚಹಾ ಮೇಲೆ ಬರುತ್ತದೆ, ‘ನಿನಗೆ’ ಇರುವ ಟಿಪ್ಪಣಿಗಳು ತಳದಲ್ಲಿ ಉಳಿಯುತ್ತವೆ.

ಆಕ್ರೋಟಿನ ವಿಷಯ ಬೇರೆ. ಅಲ್ಲಿ ಗೆರೆಯೇ ಇಲ್ಲ. ಬಹುವಚನದಲ್ಲಿ ಕೊನೆಯ ‘ಝೆಡ್’ ಅಕ್ಷರ ‘ಸಿ’ ಆಗುತ್ತದೆ. ಸ್ಟೆಮ್ಮರ್ ಬಾಲ ಕತ್ತರಿಸುತ್ತದೆಯೇ ಹೊರತು ‘ಸಿ’ಯನ್ನು ವಾಪಸ್ ‘ಝೆಡ್’ ಮಾಡುವುದಿಲ್ಲ. ಮೀನು, ಅಕ್ಕಿ ಪದಗಳಿಗೂ ಇದೇ ಗತಿ. ಇದಕ್ಕೆ ಸಿನೊನಿಮ್ ಡಿಕ್ಷನರಿ ಮಾಡಿ ಸ್ಟೆಮ್ಮರ್‌ಗಿಂತ ಮುಂದೆ ಇಡಿ. ಒಂದೊಂದು ಸಾಲಿನಲ್ಲಿ ಬಹುವಚನ, ಪಕ್ಕದಲ್ಲಿ ಏಕವಚನ. ಸಾಲು ಬದಲಿಸಬೇಕಾಗುವುದರಿಂದ ‘ಸ್ಪ್ಯಾನಿಶ್’ ಕಾನ್ಫಿಗರೇಶನ್ನಿನ ನಕಲು ಮಾಡಿ, ಆ ನಕಲಿನಲ್ಲಿ ಮಾಡಿ.

ಕಾಫಿಗಿಡ (ಮರುದಿನ):

ಚಹಾ ಸಿಕ್ಕಿತು! ಕೊಮೀಯಾನ್, ಆಕ್ರೋಟು ಎರಡೂ ಸರಿಯಾದವು. ತುಂಬಾ ಧನ್ಯವಾದ.

ಸಿನೊನಿಮ್ ಫೈಲಿನಲ್ಲಿ ಒಂದು ಕಡೆ ಎಡವಿದೆ, ಬೇರೆಯವರಿಗೆ ಉಪಯೋಗವಾಗಲಿ ಅಂತ ಬರೆಯುತ್ತೇನೆ. ‘ಅಸೆರ್’ (ಮಾಡು) ಕ್ರಿಯಾಪದದ ‘ಆಗೊ’ (ಮಾಡುತ್ತೇನೆ), ‘ಈಸೆ’ (ಮಾಡಿದೆ) ರೂಪಗಳ ಎದುರು ‘ಅಸೆರ್’ ಅಂತಲೇ ಬರೆದೆ. ಒಂದೂ ಸೇರಲಿಲ್ಲ. ಸಿನೊನಿಮ್ ಡಿಕ್ಷನರಿ ಕೊಟ್ಟದ್ದು ಸ್ಟೆಮ್ಮರ್ ತನಕ ಹೋಗುವುದೇ ಇಲ್ಲ, ಅದೇ ಕೊನೆಯ ರೂಪ. ಹುಡುಕಾಟದ ‘ಅಸೆರ್’ ಮಾತ್ರ ಸ್ಟೆಮ್ಮರ್‌ಗೆ ಹೋಗಿ ‘ಅಸ್’ ಆಗಿರುತ್ತದೆ. ಎದುರಿಗೆ ಆ ಮೊಂಡು ರೂಪವನ್ನೇ ಬರೆದ ಮೇಲೆ ಸರಿಹೋಯಿತು.

ಒಂದೇ ಬಾಕಿ. ಹಳೇ ಮ್ಯಾಕ್‌ನ ಫೈಲ್ ಹೆಸರುಗಳಿಂದ ತಂದ ಕೆಲವು ಶೀರ್ಷಿಕೆಗಳು ಇನ್ನೂ ಸಿಗುತ್ತಿಲ್ಲ. ನೋಡೋಕೆ ಎಲ್ಲ ಸರಿಯಾಗೇ ಕಾಣುತ್ತವೆ.

ಹಳೇಕೀಲಿಮಣೆ:

ಆ ಸಾಲಿನ ‘ಪಿನ್ಯಾ’ ಪದದ ಮೇಲೆ, ಸಂಕೇತಗಳನ್ನು ಎಣಿಸುವ ಲೆಂತ್ ಫಂಕ್ಷನ್ ಓಡಿಸಿ. 4 ಬರಬೇಕಾದಲ್ಲಿ 5 ಬಂದರೆ ಕಾರಣ ಸಿಕ್ಕ ಹಾಗೇ. ಹಳೇ ಮ್ಯಾಕ್‌ನ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ಎನ್ ಬೇರೆ, ಅಲೆ ಬೇರೆ, ಎರಡು ಸಂಕೇತ. ಕನ್ನಡದ ‘ಕೋ’ ನೆನಪಿಸಿಕೊಳ್ಳಿ. ಯುನಿಕೋಡ್‌ನಲ್ಲಿ ಅದರ ಓತ್ವವನ್ನು ಒಂದೇ ಸಂಕೇತದಲ್ಲಿ ಬರೆಯಬಹುದು, ಎತ್ವ, ಊತ್ವ, ದೀರ್ಘ ಅಂತ ಮೂರು ಸಂಕೇತದಲ್ಲೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಫಂಕ್ಷನ್ ಇದೆ. ಎನ್‌ಎಫ್‌ಸಿ ರೂಪಕ್ಕೆ (ಅಕ್ಷರ, ಗೆರೆ ಸೇರಿ ಒಂದೇ ಸಂಕೇತ) ಒಮ್ಮೆ ಎಲ್ಲ ಸಾಲುಗಳನ್ನೂ ಬದಲಿಸಿ, ಹೊಸದಾಗಿ ಸೇರಿಸುವಾಗಲೂ ಅದನ್ನೇ ಓಡಿಸಿ. ಆಮೇಲೆ ಟಿಎಸ್‌ವೆಕ್ಟರ್ ಕಾಲಮ್ ಮತ್ತೆ ತುಂಬಿಸಿ.

ಕಾಫಿಗಿಡ:

5 ಬಂತು. ನಾರ್ಮಲೈಸ್ ಮಾಡಿದ ಮೇಲೆ 4. ಕಳೆದುಹೋಗಿದ್ದ ಶೀರ್ಷಿಕೆಗಳೆಲ್ಲ ಈಗ ಸಿಗುತ್ತಿವೆ.