ಬೇರೆ ಬೇರೆ ತಯಾರಕರ ಓಎಲ್‌ಟಿಗಳನ್ನು (ಫೈಬರ್ ಜಾಲದ ಕೇಂದ್ರ ಪೆಟ್ಟಿಗೆಗಳನ್ನು) ಒಂದೇ ಕಡೆಯಿಂದ ನೋಡಿಕೊಳ್ಳಲು ಮುಕ್ತ ತಂತ್ರಾಂಶವಿದೆಯೇ?

ನಾಪೋಕ್ಲು ಕೇಬಲ್:
ಎಲ್ಲರಿಗೂ ನಮಸ್ಕಾರ. ನಾಪೋಕ್ಲಿನ ಸುತ್ತಮುತ್ತ ಸುಮಾರು 340 ಮನೆಗಳಿಗೆ ಫೈಬರ್ ಸಂಪರ್ಕ ಕೊಟ್ಟಿದ್ದೇನೆ. ನನ್ನಲ್ಲಿರುವುದು ಎರಡು ಓಎಲ್‌ಟಿ: ಒಂದು 8 ಪೋರ್ಟಿನ ಜಿಪಾನ್, ಇನ್ನೊಂದು ಬೇರೆ ತಯಾರಕರ 4 ಪೋರ್ಟಿನ ಇಪಾನ್ (ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ಪಾನ್ ಜಾಲದ ಎರಡು ಬಗೆಗಳಿವು). ಎರಡಕ್ಕೂ ಬೇರೆ ಬೇರೆ ತಂತ್ರಾಂಶ. ಅದರಲ್ಲೊಂದು ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಸಿಲ್ವರ್ ಓಕ್ ಮರ ಬಿದ್ದು ಕೇಬಲ್ ತುಂಡಾಯಿತೋ, ಗ್ರಾಹಕರ ಮನೆಯಲ್ಲಿ ಕರೆಂಟು ಹೋಗಿದೆಯೋ ಎಂಬುದು ತೋಟದ ದಾರಿಯಲ್ಲಿ ಜೀಪು ಹತ್ತಿಸಿ ಹೋಗಿ ನೋಡುವವರೆಗೆ ತಿಳಿಯುವುದಿಲ್ಲ. ಪರಿಚಿತರೊಬ್ಬರು ವೋಲ್ತಾ ಎಂಬ ಮುಕ್ತ ತಂತ್ರಾಂಶ ಹಾಕಿಕೊಳ್ಳಿ ಎಂದಿದ್ದಾರೆ. ನನ್ನಂಥವರಿಗೆ ಅದು ಹೊಂದುತ್ತದೆಯೇ?

ಕುಶಾಲನಗರದ ಇಂಜಿನಿಯರ್:
ಹೊಂದುವುದಿಲ್ಲ ಸರ್. ವೋಲ್ತಾ ಒಳ್ಳೆಯ ತಂತ್ರಾಂಶ ಎಂಬುದರಲ್ಲಿ ನನಗೆ ಅನುಮಾನವಿಲ್ಲ; ಡಾಯ್ಚ ಟೆಲಿಕಾಂ, ಟರ್ಕ್ ಟೆಲಿಕಾಂನಂತಹ ದೊಡ್ಡ ಕಂಪನಿಗಳು ಅದನ್ನು ಬಳಸುತ್ತಿವೆ. ಓಪನ್ ನೆಟ್‌ವರ್ಕಿಂಗ್ ಫೌಂಡೇಶನ್ ಬೆಳೆಸಿದ ಈ ಯೋಜನೆ 2023ರ ಡಿಸೆಂಬರಿನ ವಿಲೀನದ ನಂತರ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಓಎಲ್‌ಟಿಯ ಒಳಗಿನ ವ್ಯತ್ಯಾಸಗಳನ್ನೆಲ್ಲ ಮರೆಮಾಡಿ, ಇಡೀ ಪಾನ್ ಜಾಲವನ್ನು ಮೇಲಿನ ನಿಯಂತ್ರಕ ತಂತ್ರಾಂಶಕ್ಕೆ ಒಂದು ಸಾಮಾನ್ಯ ಸ್ವಿಚ್ಚಿನಂತೆ ತೋರಿಸುವುದು ಅದರ ಕೆಲಸ. ಆದರೆ ಅದಕ್ಕಾಗಿ ಓಎಲ್‌ಟಿಯ ಒಳಗೇ ಓಪನ್ ಓಎಲ್‌ಟಿ ಏಜೆಂಟ್ ಎಂಬ ಭಾಗ ಓಡುತ್ತಿರಬೇಕು, ಮತ್ತು ನಮ್ಮ ಮಾರುಕಟ್ಟೆಯ ಅಗ್ಗದ, ಮುಚ್ಚಿದ ಪೆಟ್ಟಿಗೆಗಳಲ್ಲಿ ಅದನ್ನು ಹಾಕಲು ಅವಕಾಶವೇ ಇರುವುದಿಲ್ಲ. ಮೇಲಾಗಿ ಕುಬರ್ನೆಟಿಸ್, ಕಾಫ್ಕಾ, ಇಟಿಸಿಡಿ ಎಂಬ ಪೂರಕ ಸರ್ವರ್ ತಂತ್ರಾಂಶಗಳಿಷ್ಟನ್ನೂ ನಡೆಸಿಕೊಂಡು ಹೋಗುವ ಜನ ಬೇಕು. 340 ಮನೆಗಳಿಗೆ ಇದು ಇಲಿ ಹಿಡಿಯಲು ಬೆಟ್ಟ ಅಗೆದಂತೆ. ಕಲಿಯುವ ಆಸೆಯಿದ್ದರೆ ಬಿಬಿಸಿಮ್ ಎಂಬ ಅನುಕರಣ ತಂತ್ರಾಂಶವಿದೆ. ಓಎಲ್‌ಟಿ ಇಲ್ಲದೆಯೇ ವೋಲ್ತಾವನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಬಹುದು.

ವಿರಾಜಪೇಟೆಯವ:
ಮೇಲಿನವರ ಮಾತು ಸರಿ. ನಿಮಗೆ ಈಗ ಬೇಕಿರುವುದು ಓಎಲ್‌ಟಿಯನ್ನು ಆಳುವ ತಂತ್ರಾಂಶವಲ್ಲ, ಅದನ್ನು ಗಮನಿಸುತ್ತಿರುವ ತಂತ್ರಾಂಶ. ನಾನು ಝ್ಯಾಬಿಕ್ಸ್ ಬಳಸುತ್ತೇನೆ. ಎರಡೂ ಓಎಲ್‌ಟಿಗಳಲ್ಲಿ ಎಸ್‌ಎನ್‌ಎಂಪಿ (ಯಂತ್ರದ ಸ್ಥಿತಿಯನ್ನು ದೂರದಿಂದ ಓದುವ ವಿಧಾನ) ಚಾಲೂ ಮಾಡಿ, ತಯಾರಕರಿಂದ ಎಂಐಬಿ ಕಡತವನ್ನು (ಯಾವ ಮಾಹಿತಿ ಎಲ್ಲಿ ಸಿಗುತ್ತದೆಂದು ಹೇಳುವ ಪಟ್ಟಿಯನ್ನು) ಕೇಳಿ ಪಡೆಯಿರಿ. (ನನಗೆ ಅದನ್ನು ಕೊಡಲು ಮಾರಾಟಗಾರರೊಬ್ಬರು ಮೂರು ತಿಂಗಳು ಸತಾಯಿಸಿದರು, ಮುಂದಿನ ಓಎಲ್‌ಟಿ ಕೊಳ್ಳುವಾಗ ಹಣ ಕೊಡುವ ಮೊದಲೇ ಕೇಳಿ.)

ಮುಖ್ಯವಾಗಿ ದಾಖಲಿಸಬೇಕಾದದ್ದು ಪ್ರತಿ ಓಎನ್‌ಟಿಗೆ (ಗ್ರಾಹಕರ ಮನೆಯ ಫೈಬರ್ ಪೆಟ್ಟಿಗೆಗೆ) ತಲುಪುವ ಬೆಳಕಿನ ಮಟ್ಟ. ಜಿಪಾನಿನ ಬಿ ಪ್ಲಸ್ ಎಂಬ ಬೆಳಕಿನ ವರ್ಗದಲ್ಲಿ ಓಎನ್‌ಟಿಯ ಮಿತಿ ಮೈನಸ್ 27 ಡಿಬಿಎಂ (ಇದು ಬೆಳಕಿನ ಬಲದ ಅಳತೆ; ಮೈನಸ್ಸಿನ ಮುಂದಿನ ಅಂಕಿ ಹೆಚ್ಚಿದಷ್ಟು ಬೆಳಕು ಕಡಿಮೆ). ಜಾಯಿಂಟ್ ಪೆಟ್ಟಿಗೆಗೆ ನೀರು ಇಳಿದಾಗಲೋ, ಕೊಂಬೆ ಒರಗಿ ಕೇಬಲ್ ಬಾಗಿದಾಗಲೋ ಸಂಪರ್ಕ ಒಮ್ಮೆಲೇ ಹೋಗಬೇಕೆಂದಿಲ್ಲ. ಮೈನಸ್ 21 ಇದ್ದದ್ದು 23ಕ್ಕೆ, 25ಕ್ಕೆ ಜಾರುತ್ತಾ ಹೋಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಝ್ಯಾಬಿಕ್ಸ್ ತೋರಿಸುವ ಆ ಗೆರೆ ಇಳಿಯುವಾಗಲೇ ಹೋಗಿ ಸರಿಪಡಿಸಿದರೆ, ರಾತ್ರಿ ಗಾಳಿಮಳೆಯಲ್ಲಿ ಹೋಗುವುದು ತಪ್ಪುತ್ತದೆ. ಒಂದೇ ಸ್ಪ್ಲಿಟರಿನ (ಒಂದು ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಭಾಗದ) ಎಂಟು ಮನೆಗಳಲ್ಲೂ ಒಟ್ಟಿಗೆ ಇಳಿದಿದ್ದರೆ ತೊಂದರೆ ಸ್ಪ್ಲಿಟರಿನಲ್ಲಿ ಅಥವಾ ಅದರ ಹಿಂದಿನ ಕೇಬಲಿನಲ್ಲಿ. ಒಂದೇ ಮನೆಯಲ್ಲಾದರೆ ಆ ಮನೆಯ ತಂತಿಯಲ್ಲಿ.

ನಿಮ್ಮ ಕರೆಂಟಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಓಎನ್‌ಟಿಗೆ ವಿದ್ಯುತ್ ಹೋದರೆ ಅದು ಆರುವ ಕ್ಷಣದಲ್ಲಿ ಡೈಯಿಂಗ್ ಗ್ಯಾಸ್ಪ್ ಎಂಬ ಕೊನೆಯ ಸಂದೇಶವೊಂದನ್ನು ಓಎಲ್‌ಟಿಗೆ ಕಳಿಸುತ್ತದೆ. ಫೈಬರ್ ತುಂಡಾದರೆ ಆ ಸಂದೇಶ ಬರುವ ದಾರಿಯೇ ಇರುವುದಿಲ್ಲ. ಅಗ್ಗದ ಓಎನ್‌ಟಿಗಳಲ್ಲಿ ಈ ಸೌಲಭ್ಯ ಕೆಲವೊಮ್ಮೆ ಇರುವುದಿಲ್ಲವಾದ್ದರಿಂದ, ಒಂದನ್ನು ಕೈಯಾರೆ ಸ್ವಿಚ್ ತೆಗೆದು ಪರೀಕ್ಷಿಸಿಕೊಳ್ಳಿ.

ನಾಪೋಕ್ಲು ಕೇಬಲ್:
ಇಬ್ಬರಿಗೂ ಧನ್ಯವಾದಗಳು. ವೈಫೈ ಪಾಸ್‌ವರ್ಡ್ ಮರೆತೆವೆಂದು ದಿನಕ್ಕೆ ನಾಲ್ಕು ಕರೆಗಳು ಬರುತ್ತವೆ. ಅದನ್ನು ಇಲ್ಲಿಂದಲೇ ಬದಲಾಯಿಸಲು ಆಗುತ್ತದೆಯೇ?

ಕುಶಾಲನಗರದ ಇಂಜಿನಿಯರ್:
ಆಗುತ್ತದೆ. ಟಿಆರ್-069 (ದೂರದಿಂದ ಸೆಟ್ಟಿಂಗ್ ಬದಲಾಯಿಸುವ ಪದ್ಧತಿ) ಬೆಂಬಲವಿರುವ ಓಎನ್‌ಟಿಗಳಿಗೆ ಜೀನಿಎಸಿಎಸ್ ಎಂಬ ಸರ್ವರ್ ತಂತ್ರಾಂಶ ಸಾಕು. ಅದೂ ಮುಕ್ತ ತಂತ್ರಾಂಶವೇ, ಮತ್ತು ತಯಾರಕರು ಬೇರೆಯಾದರೂ ಅದಕ್ಕೆ ತೊಂದರೆಯಿಲ್ಲ. ಓಎನ್‌ಟಿಯಲ್ಲಿ ನಿಮ್ಮ ಸರ್ವರಿನ ವಿಳಾಸ ಕೊಟ್ಟರೆ, ಅದೇ ಆಗಾಗ ಸರ್ವರಿಗೆ ಕರೆ ಮಾಡಿ ಬದಲಾವಣೆಗಳನ್ನು ಪಡೆದುಕೊಳ್ಳುತ್ತದೆ. ಒಂದು ಎಚ್ಚರ: ಟಿಆರ್-069 ಬಳಸುವ, ಓಎನ್‌ಟಿಗಳ 7547ನೇ ಪೋರ್ಟ್ (ಜಾಲದಿಂದ ಒಳಬರುವ ಬಾಗಿಲು) ಹೊರಗಿನ ಇಂಟರ್ನೆಟ್ಟಿಗೆ ತೆರೆದಿರಬಾರದು. 2016ರ ನವೆಂಬರಿನಲ್ಲಿ ಮಿರಾಯ್ ಎಂಬ ಕುತಂತ್ರಾಂಶದ ದಾಳಿಕೋರರು ಇದೇ ಪೋರ್ಟಿಗೆ ಕೈಹಾಕಿದಾಗ, ಜರ್ಮನಿಯಲ್ಲಿ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟಿತ್ತು. ಜೀನಿಎಸಿಎಸ್‌ಗೆ ಆಜ್ಞೆ ಕೊಡುವ 7557ನೇ ಪೋರ್ಟನ್ನೂ ಸರ್ವರಿನ ಒಳಗೇ ಉಳಿಸಿಕೊಳ್ಳಿ. ಅದು ಯಾರಿಂದಲೂ ಪಾಸ್‌ವರ್ಡ್ ಕೇಳುವುದಿಲ್ಲ.

ವಿರಾಜಪೇಟೆಯವ:
ಝ್ಯಾಬಿಕ್ಸ್, ಜೀನಿಎಸಿಎಸ್ ಎರಡನ್ನೂ ಹಳೆಯ ಕಂಪ್ಯೂಟರೊಂದರಲ್ಲೇ ಹಾಕಬಹುದು, ಆದರೆ ಅದಕ್ಕೆ ಒಳ್ಳೆಯ ಯುಪಿಎಸ್ ಇರಲಿ. ಕರೆಂಟು ಹೋದಾಗ ಊರಿನ ಓಎನ್‌ಟಿಗಳ ಜೊತೆಗೆ ಸರ್ವರೂ ಆರಿದರೆ, ಆ ಕೊನೆಯ ಸಂದೇಶಗಳನ್ನು ಬರೆದಿಟ್ಟುಕೊಳ್ಳಲು ಯಾರೂ ಇರುವುದಿಲ್ಲ.