ಪದಚರ್ಚೆ: ಜಪಾನಿನ ‘ಶಿ’ ನಗರವೇ? ‘ಮಚಿ’ ಪಟ್ಟಣವೇ, ಪೇಟೆಯೇ?

ಪ್ರಶ್ನೆ:

ಜಪಾನಿನ ಹಗಿ ಎಂಬ ಊರಿನ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಸಿದ್ಧವಾಗುತ್ತಿದೆ. ಶಿ, ಚೋ ಅಥವಾ ಮಚಿ, ಸೊನ್, ಗುನ್, ಕೆನ್ ಎಂಬ ಪದಗಳಿಗೆ ಕ್ರಮವಾಗಿ ನಗರ, ಪಟ್ಟಣ, ಹಳ್ಳಿ, ತಾಲ್ಲೂಕು, ಜಿಲ್ಲೆ ಎಂದು ಹಾಕಿದರೆ ಸರಿಯೇ? ‘ಜೋಕಮಚಿ’ಗೆ ಕನ್ನಡದಲ್ಲಿ ಏನನ್ನಬಹುದು? ಊರ ಹೆಸರು ಹಾಗಿಯೋ ಹಗಿಯೋ?

ಉತ್ತರ:

ಕೊನೆಯದು ಸುಲಭ, ಅಲ್ಲಿಂದಲೇ ಶುರು ಮಾಡೋಣ. ಹಗಿ. ಎರಡೂ ಸ್ವರ ಹ್ರಸ್ವ. ಇಂಗ್ಲಿಷ್ ಕಾಗುಣಿತ ನೋಡಿ ಬರೆಯುವವರು ‘ಹಾಗಿ’ ಮಾಡುತ್ತಾರೆ, ಅದು ತಪ್ಪು. ಜಪಾನಿ ಭಾಷೆಯಲ್ಲಿ ನಮ್ಮಲ್ಲಿರುವಂತೆಯೇ ಹ್ರಸ್ವ ದೀರ್ಘ ಬದಲಾದರೆ ಅರ್ಥ ಬದಲಾಗುತ್ತದೆ. ಎ-ಏ, ಒ-ಓ ಬೇರೆ ಬೇರೆ ಇರುವುದರಿಂದ ಕನ್ನಡದಲ್ಲಿ ಬರೆಯುವುದು ದೇವನಾಗರಿಗಿಂತ ಸಲೀಸು: ಸೊನ್ ಹ್ರಸ್ವ, ಚೋ ದೀರ್ಘ, ಕೆನ್ ಹ್ರಸ್ವ. ಇಂಗ್ಲಿಷಿನ ‘ಟಿ’, ‘ಡಿ’ ಕಂಡಲ್ಲೆಲ್ಲ ಟ, ಡ ಹಾಕಬೇಡಿ, ಅಲ್ಲಿನ ಉಚ್ಚಾರ ತ, ದಕ್ಕೆ ಹತ್ತಿರ. ಟೋಕಿಯೊ, ಒಸಾಕಾ ಬಳಕೆಯಲ್ಲಿ ಕೂತುಬಿಟ್ಟಿವೆ, ಅವನ್ನು ತಿದ್ದುವ ಗೋಜಿಗೆ ಹೋಗುವುದು ಬೇಡ. ಆದರೆ ಹಗಿ ಕೋಟೆ ಕಟ್ಟಿಸಿದವನನ್ನು ಮೋರಿ ತೆರುಮೊತೊ ಎಂದೇ ಬರೆಯಿರಿ. ಮೋರಿ ಎಂದೊಡನೆ ಕನ್ನಡ ಓದುಗರು ನಗುತ್ತಾರೆ, ನಗಲಿ. ಅದಕ್ಕೆ ಹೆದರಿ ‘ಮೌರಿ’ ಮಾಡಿದರೆ ಹೆಸರೇ ಕೆಟ್ಟಿತು. ಒಂಟಿಯಾಗಿ ಬಿಡದೆ ‘ಮೋರಿ ಮನೆತನ’ ಎಂದರೆ ಸಾಕು.

ಈಗ ‘ಶಿ’. ಇದಕ್ಕೆ ನಗರ ಎನ್ನುವುದು ಅರ್ಧ ಸರಿ. ಶಿ ಅನ್ನುವುದು ಊರಿನ ಗಾತ್ರವನ್ನು ಹೇಳುವ ಪದವಲ್ಲ, ಕಾನೂನು ಕೊಟ್ಟ ದರ್ಜೆ. 1947ರ ಸ್ಥಳೀಯ ಸ್ವಾಯತ್ತತೆ ಕಾನೂನಿನ ಪ್ರಕಾರ ಆ ದರ್ಜೆ ಸಿಗಬೇಕಾದರೆ ಜನಸಂಖ್ಯೆ 50,000 ಇರಬೇಕು. ಶೇ. 60ರಷ್ಟಾದರೂ ಮನೆಗಳು ಊರಿನ ಕೇಂದ್ರ ಭಾಗದಲ್ಲಿರಬೇಕು. ಶೇ. 60ರಷ್ಟಾದರೂ ಜನ ವ್ಯಾಪಾರ, ಕೈಗಾರಿಕೆಯಂಥ ಪೇಟೆ ಕಸುಬುಗಳನ್ನು ನೆಚ್ಚಿರಬೇಕು. ಜೊತೆಗೆ ಆಯಾ ಕೆನ್ ಗೊತ್ತುಮಾಡಿದ ಸೌಕರ್ಯಗಳಿರಬೇಕು. ಮಜಾ ಇರುವುದು ಆಮೇಲೆ: ಒಮ್ಮೆ ಶಿ ಆದ ಊರಿನಲ್ಲಿ ಜನ ಕಡಿಮೆಯಾದರು ಎಂದು ದರ್ಜೆ ತಾನಾಗಿ ಇಳಿಯುವುದಿಲ್ಲ. ಹೊಕ್ಕೈದೋದ ಉತಶಿನೈ ಕಲ್ಲಿದ್ದಲು ಗಣಿಗಳ ಕಾಲದಲ್ಲಿ, 1958ರಲ್ಲಿ ಶಿ ಆಯಿತು. ಗಣಿಗಳು ಮುಚ್ಚಿದವು, ಜನ ಹೊರಟರು, 2020ರ ಜನಗಣತಿಯಲ್ಲಿ ಅಲ್ಲಿದ್ದವರು 3,000ಕ್ಕೂ ಕಡಿಮೆ. ಇವತ್ತಿಗೂ ಅದು ಉತಶಿನೈ-ಶಿ. ಅದನ್ನು ನಗರ ಎಂದು ಬರೆದರೆ ಓದುಗರ ಕಣ್ಣಿಗೆ ಏನು ಕಟ್ಟುತ್ತದೆ ಯೋಚಿಸಿ.

ಉಲ್ಟಾ ಉದಾಹರಣೆಯೂ ಇದೆ. ಹಿರೊಶಿಮ ಕೆನ್‌ನಲ್ಲಿ ಫುಚೂ-ಚೋ ಇದೆ, ಫುಚೂ-ಶಿಯೂ ಇದೆ. ‘ಪಟ್ಟಣ’ವಾದ ಫುಚೂ-ಚೋದಲ್ಲಿ 50,000 ದಾಟಿ ಜನ, ಮಜ್ದಾ ಕಾರು ಕಂಪನಿಯ ಮುಖ್ಯ ಕಚೇರಿ ಇರುವುದೂ ಅಲ್ಲೇ. ‘ನಗರ’ವಾದ ಫುಚೂ-ಶಿಯಲ್ಲಿ 40,000ಕ್ಕಿಂತ ಕಡಿಮೆ. ಸಾಲದ್ದಕ್ಕೆ ಟೋಕಿಯೊದಲ್ಲಿ ಮೂರನೆಯ ಫುಚೂ, ಅದೂ ಶಿಯೇ. ಶಿ, ಚೋ ಎಂಬ ಬಾಲವನ್ನು ಕತ್ತರಿಸಿ ಬರೀ ‘ಫುಚೂ ನಗರ’ ಎಂದರೆ ಮೂರರಲ್ಲಿ ಯಾವುದೆಂದು ಯಾರೂ ಹೇಳಲಾರರು. ಅದಕ್ಕೇ ನನ್ನ ಸಲಹೆ: ಮೊದಲ ಸಲ ಬಂದಾಗ ಬಾಲ ಸಮೇತ ಬರೆಯಿರಿ, ಒಂದು ಮಾತಲ್ಲಿ ವಿವರಿಸಿ, ಆಮೇಲೆ ಬರೀ ಹೆಸರು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ‘ನಗರ’ವಲ್ಲ, ‘ನಗರಸಭೆ’. ಕರ್ನಾಟಕದಲ್ಲೂ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಎಂಬ ಮೆಟ್ಟಿಲುಗಳಿವೆ. 20,000ದಿಂದ 50,000ದವರೆಗೆ ಪುರಸಭೆ, ಅದಕ್ಕೆ ಮೇಲೆ 3 ಲಕ್ಷದವರೆಗೆ ನಗರಸಭೆ. ‘ನಗರಸಭೆ ಆಯ್ತು’ ಎಂದಾಗ ನಮಗೆ ದರ್ಜೆ ಏರಿದ್ದು ತಿಳಿಯುತ್ತದೆಯೇ ಹೊರತು ಊರು ರಾತ್ರೋರಾತ್ರಿ ಬೆಳೆಯಿತು ಎಂದಲ್ಲ. ಶಿಯ ಅರ್ಥಛಾಯೆ ಇದೇ.

ಹಗಿಯ ಮಟ್ಟಿಗಂತೂ ಈ ವ್ಯತ್ಯಾಸ ಬೇಕೇ ಬೇಕು. 1932ರಲ್ಲಿ ಶಿ ಆದ ಹಗಿ, 2005ರ ಮಾರ್ಚ್ 6ರಂದು ಸುಸ, ತಮಗವ ಎಂಬ ಎರಡು ಚೋ ಹಾಗೂ ಕವಕಮಿ, ಮುತ್ಸುಮಿ, ಅಸಹಿ, ಫುಕುಎ ಎಂಬ ನಾಲ್ಕು ಸೊನ್‌ಗಳೊಡನೆ ಸೇರಿ ಹೊಸ ಹಗಿ-ಶಿ ಆಯಿತು. ವಿಸ್ತಾರ ಸುಮಾರು 700 ಚದರ ಕಿ.ಮೀ. 2025ರವರೆಗೆ ಒಂದೇ ಆಗಿದ್ದ ಬೆಂಗಳೂರು ಪಾಲಿಕೆಯ ವ್ಯಾಪ್ತಿಗೆ ಹೆಚ್ಚುಕಡಿಮೆ ಸಮ, ಜನ ಮಾತ್ರ 2020ರಲ್ಲಿ 45,000ಕ್ಕೂ ತುಸು ಕಡಿಮೆ. ಗುಡ್ಡ, ಕಾಡು, ಗದ್ದೆ, ಮೀನುಗಾರರ ಬಂದರು ಎಲ್ಲ ಈ ‘ನಗರ’ದ ಒಳಗೇ. ತೀರದಿಂದ ಸುಮಾರು 45 ಕಿ.ಮೀ. ದೂರದಲ್ಲಿ, ಸಮುದ್ರದ ನಡುವೆ ಇರುವ ಮಿಶಿಮ ದ್ವೀಪವೂ ಹಗಿ-ಶಿಗೆ ಸೇರಿದ್ದು. ‘ಹಗಿ ನಗರದಲ್ಲಿ ಮಿಶಿಮ ಹಸುಗಳಿವೆ’ ಎಂದು ಬರೆದರೆ ಹಸು ಸಿಗ್ನಲ್ಲಿನಲ್ಲಿ ನಿಂತ ಹಾಗಾಗುತ್ತದೆ. ‘ಹಗಿ ನಗರಸಭೆ ವ್ಯಾಪ್ತಿಯ ಮಿಶಿಮ ದ್ವೀಪ’ ಎನ್ನಿ. ನದಿಯ ಎರಡು ಕವಲುಗಳ ನಡುವಿನ ಹಳೆಯ ಊರಿನ ಬಗ್ಗೆ ಹೇಳುವಾಗ ಮಾತ್ರ ‘ಹಗಿ ಪಟ್ಟಣ’ ಎಂದರೆ ಅಡ್ಡಿಯಿಲ್ಲ, ಸುಂದರವಾಗಿಯೂ ಇರುತ್ತದೆ.

ಈ ಕವಲುಗಳ ಹೆಸರಲ್ಲೂ ಒಂದು ಎಡವಟ್ಟು ಕಾದಿದೆ. ಅಬು ನದಿ ಊರಿನ ಬಳಿ ಮತ್ಸುಮೊತೊ, ಹಶಿಮೊತೊ ಎಂದು ಒಡೆದು ಸಮುದ್ರ ಸೇರುತ್ತದೆ. ನಡುವಿನ ಮುಖಜಭೂಮಿಯೇ ಹಳೆಯ ಹಗಿ. ಜಪಾನಿಯಲ್ಲಿ ಇವು ಅಬುಗವ, ಮತ್ಸುಮೊತೊಗವ, ಹಶಿಮೊತೊಗವ. ‘ಗವ’ ಎಂದರೇ ನದಿ, ಹಾಗಾಗಿ ‘ಅಬುಗವ ನದಿ’ ಎಂದರೆ ನದಿನದಿ. ಆದರೆ ಎಲ್ಲ ಕಡೆ ಕತ್ತರಿ ಆಡಿಸಬೇಡಿ. ಟೋಕಿಯೊದ ಅರಕವದಲ್ಲಿ ‘ಕವ’ ಕಿತ್ತರೆ ಉಳಿಯುವ ‘ಅರ’ ಯಾರಿಗೂ ಗುರುತು ಸಿಗದು, ಅಲ್ಲಿ ‘ಅರಕವ ನದಿ’ ಎಂದೇ ಇರಲಿ. ಬಾಲ ತೆಗೆದ ಮೇಲೂ ಹೆಸರು ನಿಲ್ಲುತ್ತದೆಯೇ ಎಂದು ನೋಡಿ ತೆಗೆಯುವುದು. ಕೋಟೆ ನಿಂತ 143 ಮೀಟರಿನ ಶಿಜುಕಿಯಮವನ್ನು ‘ಶಿಜುಕಿ ಬೆಟ್ಟ’ ಎನ್ನಬಹುದು. ರೈಲು ನಿಲ್ದಾಣ ಹಿಗಶಿ-ಹಗಿಯನ್ನು ಮಾತ್ರ ‘ಪೂರ್ವ ಹಗಿ’ ಮಾಡಬೇಡಿ, ಆ ಹೆಸರು ಹಿಡಿದು ಹೋದವರಿಗೆ ಫಲಕವೇ ಸಿಗುವುದಿಲ್ಲ.

ಇನ್ನು ‘ಮಚಿ’. ಇದರ ಹಿಂದೆ ಕನ್ನಡದ ಒಂದು ಪದ ಕೈಕಟ್ಟಿ ಕಾದು ನಿಂತಿದೆ: ಪೇಟೆ. ಒಂದೇ ಬರವಣಿಗೆಯ ಅಕ್ಷರವನ್ನು ಕೆಲವು ಕಡೆ ದೇಸಿಯಾಗಿ ‘ಮಚಿ’ ಎಂದೂ ಕೆಲವು ಕಡೆ ಚೀನಾ ಮೂಲದ ಉಚ್ಚಾರದಲ್ಲಿ ‘ಚೋ’ ಎಂದೂ ಓದುತ್ತಾರೆ. ‘ಪುರ’ ಎಂದು ಬರೆದು ಸೀಮೆಗೊಂದು ಥರ ಕೆಲವರು ಪುರ, ಕೆಲವರು ಊರು ಎಂದು ಓದಿದ ಹಾಗೆ. ಹಗಿ ಇರುವ ಯಮಗುಚಿ ಕೆನ್ ಕಡೆ ಆಡಳಿತ ಘಟಕಕ್ಕೆ ಚೋ, ಹಳ್ಳಿಗೆ ಸೊನ್. ಪೂರ್ವ ಜಪಾನಿನ ಹಲವೆಡೆ ಮಚಿ, ಮುರ. ಯಾವುದು ಎಂದು ಊಹಿಸಲು ಹೋಗದೆ ಆಯಾ ಊರಿನ ಓದನ್ನು ನೋಡಿಯೇ ಬರೆಯಬೇಕು.

ಅರ್ಥವೂ ಎರಡು. ಒಂದು, ಶಿಗಿಂತ ಕೆಳಗಿನ ಸ್ಥಳೀಯ ಆಡಳಿತ. ಇನ್ನೊಂದು, ಊರೊಳಗಿನ ಒಂದು ಕೇರಿ. ‘ಪೇಟೆಗೆ ಹೋಗಿ ಬರ್ತೀನಿ’ ಎಂದಾಗ ಇಡೀ ಪಟ್ಟಣ, ‘ಅಕ್ಕಿಪೇಟೆ’ ಎಂದಾಗ ಅದರೊಳಗಿನ ಒಂದು ಭಾಗ. ಮಚಿ ನಡೆಯುವುದೂ ಥೇಟ್ ಹೀಗೇ. ಹಗಿಯ ಹಳೆಯ ಕೇರಿಗಳ ಹೆಸರು ನೋಡಿ: ಕೊಮೆಯ ಎಂದರೆ ಅಕ್ಕಿ ಅಂಗಡಿ, ಗೊಫುಕು ಎಂದರೆ ಜವಳಿ, ಅಬುರಯ ಎಂದರೆ ಎಣ್ಣೆ ಅಂಗಡಿ, ಕವರ ಎಂದರೆ ಹೆಂಚು. ಅಕ್ಕಿಪೇಟೆ, ಜವಳಿಪೇಟೆ, ಎಣ್ಣೆಪೇಟೆ, ಹೆಂಚುಪೇಟೆ. ಬೆಂಗಳೂರಿನ ಪೇಟೆ ಸುತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಆಡಳಿತ ಘಟಕಕ್ಕೆ ‘ಚೋ’ವನ್ನೇ ಉಳಿಸಿ, ಕೇರಿಯ ಅರ್ಥಕ್ಕೆ ‘ಪೇಟೆ’ ಬಳಸಿ.

ಪೇಟೆ ಒಪ್ಪಿಕೊಂಡರೆ ಜೋಕಮಚಿ ತಾನಾಗಿ ಬಗೆಹರಿಯುತ್ತದೆ. ಜೋ ಕೋಟೆ, ಕ ಕೆಳಗೆ, ಮಚಿ ಪೇಟೆ. ಮೊದಲ ಸಲ ‘ಕೋಟೆಯಡಿಯ ಪೇಟೆ’, ಆಮೇಲೆ ‘ಕೋಟೆಪೇಟೆ’. 1600ರ ಸೆಕಿಗಹರ ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದ ಮೋರಿ ಮನೆತನಕ್ಕೆ ಉಳಿದದ್ದು ನಗತೊ, ಸುಓ ಎಂಬ ಎರಡು ಪ್ರಾಂತ್ಯ. ತೆರುಮೊತೊ 1604ರಲ್ಲಿ ಹಗಿಗೆ ಬಂದು ಕೋಟೆ ಎಬ್ಬಿಸಿದ. 1863ರಲ್ಲಿ ಸಂಸ್ಥಾನದ ಕಚೇರಿಯೇ ಯಮಗುಚಿಗೆ ಎದ್ದು ಹೋಯಿತು, 1874ರಲ್ಲಿ ಕೋಟೆಯ ಕಟ್ಟಡಗಳನ್ನು ಕೆಡವಿದರು. ಊರು ಬೆಳೆಯುವುದು ನಿಂತಿತು, ಹಾಗಾಗಿಯೇ ಬೀದಿಗಳು ಇದ್ದ ಹಾಗೇ ಉಳಿದವು. ಆ ಬೀದಿಗಳಲ್ಲಿ ಮೂರು ಪದ ಎದುರಾಗುತ್ತವೆ.

ಹೊರಿಉಚಿ: ಕಂದಕದ ಒಳಗು. ದೊಡ್ಡ ಅಧಿಕಾರದ ಸಮುರೈಗಳ ಮನೆಗಳಿದ್ದ ಜಾಗ. ಹೆಸರಾಗಿ ಬಂದಾಗ ಅನುವಾದಿಸದೆ ಅರ್ಥ ಹೇಳಿ ಬಿಡಿ.

ಯೊಕೊಚೋ: ನಮ್ಮ ಅಡ್ಡರಸ್ತೆ, ಬೆಂಗಳೂರಿನವರ ‘ಕ್ರಾಸು’. ಕಿಕುಯ ಯೊಕೊಚೋ, ಎದೊಯ ಯೊಕೊಚೋ ಪ್ರಸಿದ್ಧ. ಕಿಕು ಎಂದರೆ ಸೇವಂತಿಗೆ ಎಂದು ನಿಘಂಟು ನೋಡಿ ‘ಸೇವಂತಿಗೆ ಅಡ್ಡರಸ್ತೆ’ ಮಾಡಿದರೆ ಮುಗಿಯಿತು. ಕಿಕುಯ ಅಲ್ಲಿನ ವರ್ತಕ ಮನೆತನದ ಹೆಸರು. ‘ಕಿಕುಯ ಅಡ್ಡರಸ್ತೆ’ ಸರಿ.

ಕೈಮಗರಿ: ಎತ್ತರದ ಮಣ್ಣುಗೋಡೆಗಳ ನಡುವೆ ಬೀದಿ ತಟಕ್ಕನೆ ನೇರ ಕೋನದಲ್ಲಿ ತಿರುಗಿ, ಮತ್ತೆ ತಿರುಗುತ್ತದೆ. ನುಗ್ಗಿ ಬಂದವನಿಗೆ ಮುಂದೇನಿದೆ ಕಾಣಬಾರದು ಎಂದು ಹಾಗೆ ಮಾಡಿದ್ದು. ಬರೆಯುವ ಅಕ್ಷರ ಬೀಗದ ಕೈಯದು, ಆದರೆ ಇಲ್ಲಿ ಆಕಾರ ಕೊಕ್ಕೆಯದು. ‘ಬೀಗದ ಕೈ ತಿರುವು’ ಎಂದರೆ ಕನ್ನಡದಲ್ಲಿ ಏನೂ ಕಾಣುವುದಿಲ್ಲ. ‘ಕೊಕ್ಕೆ ತಿರುವು’ ಎಂದರೆ ಕಾಣುತ್ತದೆ.

ಕೆನ್‌ಗೆ ಜಿಲ್ಲೆ ಬೇಡ. ಕೆನ್‌ನ ಮುಖ್ಯಸ್ಥ ಚಿಜಿಯನ್ನು ಜನ ನೇರ ಮತ ಹಾಕಿ ಆರಿಸುತ್ತಾರೆ, ಜಿಲ್ಲಾಧಿಕಾರಿಯ ನೆನಪು ಬಂದರೆ ಕೆಟ್ಟಿತು. ರಾಜ್ಯವೂ ಸಲ್ಲದು, ಜಪಾನ್ ಒಕ್ಕೂಟವಲ್ಲ. ಪ್ರಾಂತ್ಯ ಎಂಬುದನ್ನು ನಗತೊ, ಸುಓದಂಥ ಹಳೆಯ ವಿಭಾಗಗಳಿಗೆ ಮೀಸಲಿಡಬೇಕು. ಉಳಿದದ್ದು ಪ್ರಿಫೆಕ್ಚರ್, ಇಲ್ಲವೇ ಕೆನ್ ಎಂದೇ. ಗುನ್‌ಗೆ ತಾಲ್ಲೂಕು ಪೂರಾ ತಪ್ಪು. ಗುನ್ ಕಚೇರಿಗಳನ್ನು 1926ರಲ್ಲೇ ಮುಚ್ಚಿದರು, ಈಗ ಅದು ಚೋ, ಸೊನ್‌ಗಳ ವಿಳಾಸದಲ್ಲಿ ಬರುವ ಹೆಸರು ಮಾತ್ರ. ಹಗಿ ಪಕ್ಕದ ಅಬು-ಗುನ್‌ನಲ್ಲಿ ಈಗ ಉಳಿದಿರುವುದು ಅಬು-ಚೋ ಒಂದೇ. ‘ಸೀಮೆ’ ಎನ್ನಿ, ನಮ್ಮಲ್ಲೂ ಸೀಮೆಗೆ ಕಚೇರಿಯಿಲ್ಲ.

ವಿಳಾಸ ಬಿಡಿಸುವುದಕ್ಕೆ ಹಗಿ ನಗರಸಭೆ ಕಚೇರಿಯದೇ ತೆಗೆದುಕೊಳ್ಳಿ: ಯಮಗುಚಿ-ಕೆನ್, ಹಗಿ-ಶಿ, ಓಅಜ ಎಮುಕೈ, 510 ಬಂಚಿ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ, ಕನ್ನಡದಲ್ಲಿ ತಿರುವಿ ಹಾಕಬೇಕು. ಓಅಜ ಸಾಮಾನ್ಯವಾಗಿ 1889ರ ಸುಮಾರಿಗೆ ವಿಲೀನವಾದ ಹಳೆಯ ಹಳ್ಳಿಯ ಹೆಸರನ್ನು ಉಳಿಸಿಕೊಂಡದ್ದು, ಕಂದಾಯ ಗ್ರಾಮವಿದ್ದಂತೆ. ಬಂಚಿ ಸರ್ವೆ ನಂಬರಿನ ಜಾತಿಯದು, ಮನೆ ನಂಬರಲ್ಲ. ಬೀದಿಯಲ್ಲಿ ಸಾಲಾಗಿ ಬರುತ್ತದೆಂದು ಹುಡುಕಿದರೆ ದಾರಿ ತಪ್ಪುವುದು ಇದಕ್ಕೇ.

ಶಿಯ ಕಚೇರಿ ಶಿಯಕುಶೊ, ಚೋ ಮತ್ತು ಸೊನ್‌ಗಳದು ಯಕುಬ. ಎರಡಕ್ಕೂ ‘ಕಚೇರಿ’ ಸಾಕು. ಶಿಚೋವನ್ನು ‘ನಗರಸಭೆ ಅಧ್ಯಕ್ಷ’ ಎನ್ನಬೇಡಿ. ನಮ್ಮಲ್ಲಿ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ, ಅಲ್ಲಿ ಶಿಚೋವನ್ನೂ ಸದಸ್ಯರನ್ನೂ ಜನ ಬೇರೆ ಬೇರೆಯಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಸಭೆ ಅವಿಶ್ವಾಸ ಗೊತ್ತುವಳಿ ಅಂಗೀಕರಿಸಿದರೆ ಶಿಚೋ 10 ದಿನದೊಳಗೆ ಸಭೆಯನ್ನೇ ವಿಸರ್ಜಿಸಬಹುದು, ಇಲ್ಲವಾದರೆ ಹುದ್ದೆ ಹೋಗುತ್ತದೆ. ‘ಮೇಯರ್’ ಎಂದು ಬರೆದು, ನೇರ ಚುನಾಯಿತ ಎಂದು ಒಮ್ಮೆ ಹೇಳಿಬಿಡಿ.

ಕೇರಿಯ ಚೋನೈಕೈಗೆ ‘ಬಡಾವಣೆ ಸಂಘ’ ಹೊಂದುತ್ತದೆ. ಆ ಸಂಘದ ಕೈರನ್‌ಬನ್‌ಗೆ ಕನ್ನಡದಲ್ಲಿ ಹೇಳಿ ಮಾಡಿಸಿದ ಪದ ಇದೆ: ಸುತ್ತೋಲೆ. ಒಂದು ಹಲಗೆಗೆ ನಗರಸಭೆಯ ಪ್ರಕಟಣೆ, ಚರಂಡಿ ಸ್ವಚ್ಛತೆಯ ದಿನ, ಕಸದ ವೇಳಾಪಟ್ಟಿ ಸಿಕ್ಕಿಸಿ ಮೊದಲ ಮನೆಗೆ ಕೊಡುತ್ತಾರೆ. ಓದಿದವರು ತಮ್ಮ ಹೆಸರಿನ ಮುಂದೆ ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸುತ್ತಾರೆ. ಸರ್ಕಾರಿ ಸುತ್ತೋಲೆ ಈಗ ಎಲ್ಲಿಯೂ ಸುತ್ತುವುದಿಲ್ಲ, ಎಲ್ಲರಿಗೂ ಒಂದೊಂದು ಪ್ರತಿ ಹೋಗುತ್ತದೆ. ಇದು ನಿಜವಾಗಿ ಸುತ್ತುವ ಓಲೆ.

ಮರುಪ್ರಶ್ನೆ:

ಕೋಟೆಪೇಟೆ ಎಂದರೆ ಕೋಟೆಯೊಳಗಿನ ಪೇಟೆ ಎಂದಾಗುವುದಿಲ್ಲವೇ? ‘ಹನ್’ಗೆ ಪಾಳೆಯಪಟ್ಟು, ‘ಕೊಕು’ಗೆ ಖಂಡುಗ ಎನ್ನಬಹುದೇ?

ಉತ್ತರ:

ಆ ಅನುಮಾನ ಬರಬಾರದೆಂದೇ ಮೊದಲ ಸಲ ‘ಕೋಟೆಯಡಿಯ ಪೇಟೆ’ ಎಂದದ್ದು. ಹಗಿಯಲ್ಲಿ ವರ್ತಕರ ಪೇಟೆ ಇದ್ದದ್ದು ಹೊರಗಂದಕದ ಆಚೆ.

ಹನ್ ಎಂದರೆ ಮೋರಿಯಂಥ ಒಂದು ಮನೆತನ ಆಳುತ್ತಿದ್ದ ಸೀಮೆ, ಅದಕ್ಕೆ ‘ಸಂಸ್ಥಾನ’ ಸಾಕು. ಪಾಳೆಯಪಟ್ಟು ಎಂದರೆ ಮೋರಿಗಳು ತೀರಾ ಚಿಕ್ಕವರಾಗಿಬಿಡುತ್ತಾರೆ, ಅವರ ಅಧಿಕೃತ ಉತ್ಪತ್ತಿ ಸುಮಾರು 3,69,000 ಕೊಕು. ಕೊಕು ಎಂದರೆ ಸುಮಾರು 180 ಲೀಟರ್ ಅಕ್ಕಿ ಹಿಡಿಸುವ ಅಳತೆ. ನೆಲದ ಬೆಲೆಯನ್ನು ಧಾನ್ಯದಲ್ಲಿ ಎಣಿಸುವ ಪದ್ಧತಿ ವಿವರಿಸಲು ಖಂಡುಗ ಒಳ್ಳೆಯ ಹೋಲಿಕೆ. ಆದರೆ ಖಂಡುಗದ ಅಳತೆ ಸೀಮೆಯಿಂದ ಸೀಮೆಗೆ ಬೇರೆ. ಅಂಕಿಯ ಪಕ್ಕ ಅದನ್ನಿಟ್ಟರೆ ಲೆಕ್ಕ ಸುಳ್ಳಾಗುತ್ತದೆ, ಅಲ್ಲಿ ಕೊಕು ಎಂದೇ ಇರಲಿ.