ಮಳೆ ಶುರುವಾದ ಮೇಲೆ ಲ್ಯಾಪ್ ಸ್ಟೀಲ್‌ನಲ್ಲಿ ಗೆರೆ ಒಂದು ಕಡೆ, ಸ್ವರ ಇನ್ನೊಂದು ಕಡೆ

ಕರಿಮೆಣಸು, ಸಿದ್ದಾಪುರ, ಕೊಡಗು
ಜುಲೈ 13

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದಿಕೊಂಡಿದ್ದೆ, ಇವತ್ತು ಕೇಳಲೇಬೇಕಾಯ್ತು.

ಬೇಸಗೆಯಲ್ಲಿ ಆರು ತಂತಿಯ ಒಂದು ಲ್ಯಾಪ್ ಸ್ಟೀಲ್ (ತೊಡೆ ಮೇಲೆ ಮಲಗಿಸಿ, ತಂತಿ ಮೇಲೆ ಸ್ಟೀಲ್ ಬಾರ್ ಜಾರಿಸಿ ನುಡಿಸೋ ಗಿಟಾರ್) ಮಾಡಿದೆ. ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಕೊಯ್ಯಿಸಿ ಎರಡು ವರ್ಷ ಗೋದಾಮಿನಲ್ಲಿ ಇಟ್ಟಿದ್ದ ಹಲಗೆ, ಒಂದೂವರೆ ಇಂಚು ದಪ್ಪ. ಸ್ಕೇಲ್, ಅಂದ್ರೆ ಮಿಡಿಯೋ ತಂತಿಯ ಉದ್ದ, 22.5 ಇಂಚು. ತಂತಿಯ ಸದ್ದನ್ನ ಆಂಪ್‌ಗೆ ಕಳಿಸೋ ಪಿಕಪ್ ಹಳೆ ಗಿಟಾರಿಂದ ಕಿತ್ತ ಸಿಂಗಲ್ ಕಾಯಿಲ್. ಬ್ರಿಜ್ ಅಂದ್ರೆ ಅಲ್ಯೂಮಿನಿಯಂ ಎಲ್ ಆ್ಯಂಗಲ್‌ನ ಒಂದು ತುಂಡು, ತಂತಿಯ ಗುಂಡು ಸಿಗಿಸೋದಕ್ಕೂ ಅದರಲ್ಲೇ ತೂತು. ಸ್ವರದ ಜಾಗ ತೋರಿಸೋ ಫ್ರೆಟ್ ಗೆರೆಗಳನ್ನ ಲೆಕ್ಕ ಹಾಕಿ ಪ್ರಿಂಟ್ ತೆಗೆದು ಅಂಟಿಸಿದ್ದು. ಓಪನ್ ಜಿ ಟ್ಯೂನಿಂಗ್.

ಏಪ್ರಿಲ್‌ನಲ್ಲಿ ಗೆರೆ ಮೇಲೆ ಬಾರ್ ಇಟ್ಟರೆ ಸ್ವರ ಅಲ್ಲೇ ಇರ್ತಿತ್ತು. ಈಗ ಮೂರು ವಾರದಿಂದ ಬಿಡದ ಮಳೆ, ಗೋಡೆಯೆಲ್ಲ ಬೂಷ್ಟು, ಅಲಮಾರಿಲಿಟ್ಟ ಚಪ್ಪಲಿ ಕೂಡ ಹಸಿರಾಗಿದೆ. ದಿನಾ ಶ್ರುತಿ ಮಾಡಿಕೊಂಡೇ ಕೂರ್ತೇನೆ, ತೆರೆದ ತಂತಿ ಸರಿಯಾಗೇ ಇದೆ. ಆದರೆ 12ನೇ ಗೆರೆ ಮೇಲೆ ಬಾರ್ ಇಟ್ಟರೆ ಸ್ವರ ಏರಿರುತ್ತೆ. ಮೇಲೆ ಹೋದಷ್ಟೂ ಜಾಸ್ತಿ.

ತೇವಕ್ಕೆ ಮರ ಉದ್ದ ಆಯ್ತು ಅಂತ ನನ್ನ ಅಂದಾಜು. ಕಾಫಿ ಬೀಜ ನೋಡೋ ಮಾಯಿಶ್ಚರ್ ಮೀಟರ್ ಇಟ್ಟು ನೋಡಿದೆ, ಏನೇನೋ ತೋರಿಸ್ತು. ಪ್ರಿಂಟ್ ತೆಗೆದ ಕಾಗದವನ್ನೇ ಬದಲಾಯಿಸಬೇಕಾ?

ಮೀಂಡ್‌ಮರುಳ, ಬೆಂಗಳೂರು
ಜುಲೈ 13

ಗೆರೆ ನೋಡಿ ನುಡಿಸೋದೇ ತಪ್ಪು ಸ್ವಾಮಿ. ಹೀಗೇ ಬಾರ್ ಜಾರಿಸಿ ನುಡಿಸೋ ವಿಶ್ವಮೋಹನ ಭಟ್ಟರ ಮೋಹನವೀಣೆ ಕೇಳಿ, ದೇಬಾಶಿಶ್ ಭಟ್ಟಾಚಾರ್ಯರನ್ನು ಕೇಳಿ, ಯಾರಾದರೂ ಗೆರೆ ಎಣಿಸ್ತಾ ಕೂರ್ತಾರಾ? ಕಣ್ಣು ಮುಚ್ಚಿ, ಷಡ್ಜ ಹಾಕಿಕೊಂಡು ಕಿವಿಗೆ ಸರಿ ಅನ್ನಿಸೋ ಕಡೆ ನಿಲ್ಲಿಸಿ. ಸಮಸ್ಯೆ ಮುಗೀತು.

ಹಲಸಿನಹಲಗೆ, ಮೈಸೂರು
ಜುಲೈ 13

ಕಿವಿಯ ಮಾತು ನಿಜ. ಆದರೆ ಏಪ್ರಿಲ್‌ನಲ್ಲೂ ಇವರಿಗೆ ಇದೇ ಕಿವಿ ಇತ್ತಲ್ಲ. ಬದಲಾದದ್ದು ವಾದ್ಯ, ನುಡಿಸುವವರಲ್ಲ. ಏನೋ ಜರುಗಿದೆ, ಅದನ್ನು ಹಾಗೇ ಬಿಟ್ಟು ಕಿವಿಯಲ್ಲಿ ಸರಿಮಾಡಿಕೊಂಡು ಹೋದರೆ ಮುಂದಿನ ತಿಂಗಳು ಇನ್ನೂ ಜರುಗುತ್ತದೆ.

ನಾನು ವರ್ಷಕ್ಕೆ ನಾಲ್ಕೈದು ಲ್ಯಾಪ್ ಸ್ಟೀಲ್ ಮಾಡುವವನು, ಮನೆಯ ಹಿಂದಿನ ಶೆಡ್ಡಿನಲ್ಲಿ. ಮಲೆನಾಡಿಗೂ ಕೊಡಗಿಗೂ ಹೋದ ವಾದ್ಯಗಳು ಮಳೆಗಾಲದಲ್ಲಿ ವಾಪಸು ಬಂದದ್ದುಂಟು, ಹಾಗಾಗಿ ಸ್ವಲ್ಪ ಅನುಭವ.

ಮೊದಲು ಮರದ ವಿಷಯ. ಮರ ಅಗಲಕ್ಕೆ ಉಬ್ಬುತ್ತದೆ, ದಪ್ಪಕ್ಕೆ ಉಬ್ಬುತ್ತದೆ, ನಾರಿನ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕೇ ಇಲ್ಲ. ಒಂದು ವೇಳೆ ಬೆಳೆದಿದ್ದರೂ ತಂತಿ ಉದ್ದವಾಗಿ 12ನೇ ಗೆರೆಯಲ್ಲಿ ಸ್ವರ ಇಳಿಯಬೇಕಿತ್ತು. ನಿಮ್ಮದು ಏರಿದೆ. ಅಂದರೆ ತಂತಿ ಎಲ್ಲೋ ಗಿಡ್ಡವಾಗಿದೆ.

ಕಾಫಿ ಮೀಟರ್ ಬೀಜಕ್ಕೆ ಹೊಂದಿಸಿದ್ದು, ಹಲಗೆಗೆ ಆಗದು. ತೂಕ ನೋಡಿ, ಅದು ಸುಳ್ಳು ಹೇಳುವುದಿಲ್ಲ. ಮಾಡಿದಾಗ ತೂಗಿದ್ದಿರಾ?

ಆಮೇಲೆ ಟ್ಯೂನರ್ ಆ್ಯಪ್‌ನಲ್ಲಿ 5, 12, 17ನೇ ಗೆರೆಗಳಲ್ಲಿ ಎಷ್ಟೆಷ್ಟು ಸೆಂಟ್ (ಅರ್ಧ ಸ್ವರದ ನೂರರಲ್ಲೊಂದು ಪಾಲು) ಏರಿದೆ ಅಂತ ಬರೆದು ಹಾಕಿ. ಬಾರನ್ನು ಒತ್ತಬೇಡಿ, ಅದರ ಭಾರ ಅಷ್ಟೇ ತಂತಿ ಮೇಲಿರಲಿ. ಒತ್ತಿದರೂ ಸ್ವರ ಏರುತ್ತದೆ.

ಸಂಪಾಜೆಕಾರ
ಜುಲೈ 13

ಅಲ್ಲ ಮಾರಾಯ್ರೆ, ಕಣ್ಣಿನ ಮೋಸ ಇರ್ಲಿಕ್ಕಿಲ್ವಾ? ತೊಡೆ ಮೇಲೆ ಇಟ್ಟು ಓರೆಯಿಂದ ನೋಡಿದ್ರೆ ಬಾರ್ ಗೆರೆ ಮೇಲೆ ಉಂಟು ಅಂತ ಕಾಣ್ತದೆ, ನಿಜಕ್ಕೂ ಒಂದು ಒಂದೂವರೆ ಮಿಲಿಮೀಟರ್ ಮುಂದೆ ಇರ್ತದೆ. ನನಗೆ ಹೊಸ ಕುರ್ಚಿ ತಂದ ಮೇಲೆ ಹಾಗೇ ಆಗಿತ್ತು. ಕುರ್ಚಿ ಎತ್ತರ, ಬೇರೆ ಎಂತದೂ ಅಲ್ಲ.

ಇಲ್ಲದಿದ್ರೆ ಮರ ಬಿಟ್ಟು ಅಲ್ಯೂಮಿನಿಯಂದೇ ಒಂದು ಮಾಡಿ. ಮಳೆಗೆ ಎಂತ ಆಗ್ತದೆ ಅದಕ್ಕೆ?

ಹಲಸಿನಹಲಗೆ, ಮೈಸೂರು
ಜುಲೈ 14

ಕಣ್ಣಿನ ಮೋಸ ಒಳ್ಳೆಯ ಊಹೆ, ಅಂಕಿ ಬಂದರೆ ಗೊತ್ತಾಗುತ್ತದೆ.

ಅಲ್ಯೂಮಿನಿಯಂ ಕಥೆ ಹಳೆಯದು. ಅಮೆರಿಕದ ರಿಕನ್‌ಬ್ಯಾಕರ್ ಕಂಪನಿಯವರ ಮೊದಲ ಎಲೆಕ್ಟ್ರಿಕ್ ಗಿಟಾರ್ ಲ್ಯಾಪ್ ಸ್ಟೀಲೇ. 1930ರ ದಶಕದ ಶುರುವಿನದು, ಅಲ್ಯೂಮಿನಿಯಂ ಎರಕ, ನೋಡಲು ಥೇಟ್ ಕಾವಲಿಯ ಹಾಗೆ. ಫ್ರೈಯಿಂಗ್ ಪ್ಯಾನ್ ಅಂತಲೇ ಹೆಸರು ಬಿತ್ತು. ವೇದಿಕೆಯ ದೀಪದ ಬಿಸಿಗೆ ಲೋಹ ಹಿಗ್ಗಿ ನುಡಿಸುತ್ತಿರುವಾಗಲೇ ಶ್ರುತಿ ಹೋಗುತ್ತಿತ್ತು. 1935ರಲ್ಲಿ ಅವರೇ ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಮಾದರಿ ತಂದರು. ಮಳೆ ತಪ್ಪಿಸಿಕೊಂಡು ಬಿಸಿಲಿಗೆ ಸಿಕ್ಕಿಕೊಂಡ ಹಾಗೆ.

ಕರಿಮೆಣಸು
ಜುಲೈ 14

ಕರೆಂಟ್ ಇಲ್ಲದೆ ನಿನ್ನೆ ಉತ್ತರ ಕೊಡೋಕೆ ಆಗಲಿಲ್ಲ. ಲೈನ್ ಮೇಲೆ ಮರ ಬಿದ್ದಿದೆ, ಇನ್ವರ್ಟರ್‌ನಲ್ಲೇ ನಡೀತಿದೆ.

ಹಲಸಿನಹಲಗೆ ಅಣ್ಣ ಹೇಳಿದ ಗೆರೆಗಳನ್ನ ನಿಂತು, ನೇರ ಮೇಲಿಂದ ಒಂದೇ ಕಣ್ಣಲ್ಲಿ ನೋಡಿ ಅಳೆದೆ. 5ನೇ ಗೆರೆ 3 ಸೆಂಟ್ ಏರಿಕೆ. 12ಕ್ಕೆ 9. 17ಕ್ಕೆ 15. ಎರಡೆರಡು ಸಲ ನೋಡಿದೆ.

ಮೆಣಸು ತೂಗೋ ತಕ್ಕಡಿಯಲ್ಲಿ ಮಾರ್ಚ್‌ನಲ್ಲಿ 2 ಕಿಲೋ 610 ಗ್ರಾಂ ಇತ್ತು, ಇವತ್ತು 2 ಕಿಲೋ 705. ಸುಮಾರು 95 ಗ್ರಾಂ ನೀರು ಕುಡಿದಿದೆ! ಮೇಲೆ ಪಾಲಿಶ್ ಮಾಡಿದ್ದೆ, ಅಡಿಭಾಗ ಕಾಣಲ್ಲ ಅಂತ ಬಿಟ್ಟಿದ್ದೆ.

ಇನ್ನೊಂದು. ಇನ್ವರ್ಟರ್‌ನಲ್ಲಿ ಆಂಪ್ ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಸದ್ದು. ತಂತಿ ಮುಟ್ಟಿದರೆ ಒಮ್ಮೊಮ್ಮೆ ಬೆರಳಿಗೆ ಜುಮ್ ಅನ್ನುತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹಮ್‌ಹಂಬಲ, ಹಾಸನ
ಜುಲೈ 14

ಸಂಬಂಧ ಇಲ್ಲ, ಆದರೆ ಮೊದಲು ಇದನ್ನ ನಿಲ್ಲಿಸಿ. ಜುಮ್ ಅಂದರೆ ತಮಾಷೆ ಅಲ್ಲ. ತಂತಿಗಳು ಬ್ರಿಜ್ ಮೂಲಕ ಆಂಪ್‌ನ ಅರ್ತ್‌ಗೆ ಸೇರಿರ್ತವೆ, ಅಲ್ಲಿ ಕರೆಂಟ್ ಸೋರುತ್ತಿದ್ದರೆ ನಿಮ್ಮ ಕೈಗೇ ಬರೋದು. ಆಂಪ್‌ನ ಮೂರು ಪಿನ್ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದೀರಾ? ಹಾಕಿದ್ದರೆ ಈಗಲೇ ಕೀಳಿ. ಇನ್ವರ್ಟರ್ ಲೈನಿನ ಸಾಕೆಟ್‌ಗೆ ಅರ್ತ್ ವೈರ್ ಎಳೆದಿದ್ದಾರಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯೋ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಅಲ್ಲಿವರೆಗೆ ಆಂಪ್ ಮುಟ್ಟಬೇಡಿ. ಮಳೆಗಾಲ, ಬರಿಗಾಲು, ತೇವದ ನೆಲ.

ಜೇನುಗೂಡಿನ ಸದ್ದು ಬೇರೆ ವಿಷಯ: ಕಡಿಮೆ ಬೆಲೆಯ ಇನ್ವರ್ಟರ್ ಚೌಕ ಅಲೆ ಕೊಡುತ್ತೆ, ಸಿಂಗಲ್ ಕಾಯಿಲ್ ಅದನ್ನೆಲ್ಲ ಹೀರಿಕೊಳ್ಳುತ್ತೆ. ಕರೆಂಟ್ ಬಂದ ಮೇಲೆ ಅದು ಬರೀ ಗುಂಯ್ ಆಗಿ ಉಳಿಯುತ್ತೆ.

ಹಲಸಿನಹಲಗೆ, ಮೈಸೂರು
ಜುಲೈ 14

ಅವರು ಹೇಳಿದ್ದನ್ನು ಮೊದಲು ಮಾಡಿ. ಸ್ವರದ ಪರೀಕ್ಷೆಗೆ ಆಂಪ್ ಬೇಕಾಗಿಲ್ಲ, ಫೋನನ್ನು ಹಲಗೆಯ ಮೇಲಿಟ್ಟರೆ ಸಾಕು.

ಇನ್ನು ಅಂಕಿ. ನಟ್ ಅಂದರೆ ಯಾವ ನಟ್ ಅಂತ ಗೊಂದಲ ಬೇಡ, ಮುಂದೆ ಬೋಲ್ಟಿನ ನಟ್ಟೂ ಬರಲಿದೆ. ನಮ್ಮಮ್ಮನ ವೀಣೆಯ ಮಾತಿನಲ್ಲೇ ಹೇಳುತ್ತೇನೆ: ಬಿರಡೆ ಕಡೆ ತಂತಿ ಕೂರುವ ಪಟ್ಟಿ, ಗಿಟಾರಿನವರ ನಟ್, ಮೇರು; ಈಚೆಯ ಬ್ರಿಜ್ ಕುದುರೆ.

22.5 ಇಂಚು ಅಂದರೆ 571.5 ಮಿಲಿಮೀಟರ್. ಸಂಪಾಜೆಯವರು ಹೇಳಿದ ಕಣ್ಣಿನ ಮೋಸವಾಗಿದ್ದರೆ, ಬಾರ್ ಎಲ್ಲ ಕಡೆ ಒಂದೂವರೆ ಮಿ.ಮೀ. ಮುಂದೆ ಕೂತಿದೆ ಅಂತ ಲೆಕ್ಕ. ಆಗ 5, 12, 17ರಲ್ಲಿ 6, 9, 12 ಸೆಂಟ್ ಬರಬೇಕು. ಮೇರು ಮೂರು ಮಿ.ಮೀ. ಕುದುರೆಯ ಕಡೆಗೆ ಜರುಗಿದ್ದರೆ, ತೆರೆದ ತಂತಿಯನ್ನು ಮತ್ತೆ ಶ್ರುತಿ ಮಾಡಿದ ಮೇಲೆ ಎಲ್ಲ ಗೆರೆಯಲ್ಲೂ ಒಂದೇ ಸಮ 9 ಸೆಂಟ್ ಇಳಿಕೆ. ಕುದುರೆ ಮೂರು ಮಿ.ಮೀ. ಮೇರುವಿನ ಕಡೆಗೆ ಬಂದಿದ್ದರೆ 3, 9, 15 ಏರಿಕೆ.

ನೀವು ಬರೆದದ್ದು 3, 9, 15. ನಿಮ್ಮ ಕುದುರೆ ಓಡಿದೆ.

ಖಾತ್ರಿಗೆ ಕಣ್ಣಿನ ಹಂಗಿಲ್ಲದ ಇನ್ನೊಂದು ಪರೀಕ್ಷೆ. ಬಾರ್ ಬಿಟ್ಟು, ಬೆರಳ ತುದಿಯಿಂದ ತಂತಿಯನ್ನು ನಡುವೆ ಸುಮ್ಮನೆ ಸೋಕಿ ಮೀಟಿ. ಹಾರ್ಮೋನಿಕ್ ಗಂಟೆಯ ಹಾಗೆ ಸ್ಪಷ್ಟವಾಗಿ ಬರುವ ಜಾಗ 12ನೇ ಗೆರೆಗಿಂತ ಒಂದೂವರೆ ಮಿ.ಮೀ. ಮೇರುವಿನ ಕಡೆಗೆ ಸಿಗಬೇಕು. ಆಮೇಲೆ ಸ್ಟೀಲ್ ಸ್ಕೇಲ್ ಹಿಡಿದು ಮೇರುವಿಂದ 12ಕ್ಕೆ, 12ರಿಂದ ಕುದುರೆಗೆ ಅಳೆಯಿರಿ. ಎರಡೂ ಸಮ ಇರಬೇಕು.

ಕುದುರೆಯನ್ನು ಹೇಗೆ ಕೂರಿಸಿದ್ದಿರಿ?

ಕರಿಮೆಣಸು
ಜುಲೈ 15

ಕನ್ವರ್ಟರ್ ಹಾಕಿದ್ದು ನಿಜ. ಕಿತ್ತೆ. ಎಲೆಕ್ಟ್ರಿಷಿಯನ್ ನಾಳೆ ಬರ್ತೇನೆ ಅಂದಿದ್ದಾರೆ, ಈ ಮಳೆಯಲ್ಲಿ ನಾಳೆ ಅಂದ್ರೆ ಯಾವತ್ತೋ.

ಮೇರುವಿಂದ 12ಕ್ಕೆ 285 ಮುಕ್ಕಾಲು. 12ರಿಂದ ಕುದುರೆಗೆ 282 ಮುಕ್ಕಾಲು! ನೀವು ಮೈಸೂರಲ್ಲಿ ಕೂತು ಹೇಳಿದ್ದು ಇಲ್ಲಿ ಹಾಗೇ ಇದೆ.

ಟಾರ್ಚ್ ಹಾಕಿ ನೋಡಿದೆ. ಕುದುರೆಯ ಹಿಂದೆ ಮೂರು ಮಿಲಿಮೀಟರ್ ಅಗಲಕ್ಕೆ ಪಾಲಿಶ್ ಇಲ್ಲದ ಬಿಳಿ ಪಟ್ಟಿ. ಕುದುರೆ ಕೂರಿಸಿದ ಮೇಲೆ ಪಾಲಿಶ್ ಹೊಡೆದಿದ್ದೆ, ಅದರ ಅಡಿಯ ಬರೀ ಮರ ಈಗ ಹೊರಗೆ ಬಂದಿದೆ. ಇಷ್ಟು ದಿನ ಕಣ್ಣೆದುರೇ ಇತ್ತು, ನಾನು ಕಾಗದ ಬದಲಾಯಿಸೋಕೆ ಹೊರಟಿದ್ದೆ.

ಕೂರಿಸಿದ್ದು ಬಿಳಿ ಮರದ ಗಮ್ಮಲ್ಲಿ, ಜೊತೆಗೆ ಅರ್ಧ ಇಂಚಿನ ಎರಡು ಸ್ಕ್ರೂ.

ಹಲಸಿನಹಲಗೆ, ಮೈಸೂರು
ಜುಲೈ 15

ಅಲ್ಲಿಗೆ ಸಿಕ್ಕಿತು.

ಆರು ತಂತಿ ಸೇರಿ ಎಳೆಯುವುದು ಹೆಚ್ಚುಕಡಿಮೆ ಅರವತ್ತು ಎಪ್ಪತ್ತು ಕಿಲೋ. ಐವತ್ತು ಕಿಲೋದ ಕಾಫಿ ಚೀಲವೊಂದನ್ನು ಹಗಲೂ ರಾತ್ರಿ ಆ ಆ್ಯಂಗಲ್‌ಗೆ ನೇತುಹಾಕಿ, ಮೇಲೊಂದು ಸಣ್ಣ ಮೂಟೆ ಇಟ್ಟ ಹಾಗೆ. ನಿಮ್ಮ ವಿನ್ಯಾಸದಲ್ಲಿ ತಂತಿಯ ಗುಂಡೂ ಅದರಲ್ಲೇ ಇರುವುದರಿಂದ ಪೂರ್ತಿ ಎಳೆತ ಅದೊಂದರ ಮೇಲೆ. ಬಿಳಿ ಗಮ್ಮಿನ ಗುಣವೇನೆಂದರೆ, ಒಮ್ಮೆಗೇ ಎಳೆದರೆ ಗಟ್ಟಿ, ತಿಂಗಳುಗಟ್ಟಲೆ ಬಿಡದೆ ಎಳೆದರೆ ಮೆಲ್ಲಗೆ ಜಾರುತ್ತದೆ. ತೇವದಲ್ಲಿ ಮೆತ್ತಗಾಗಿ ಇನ್ನೂ ಬೇಗ. ಅದರ ಮೇಲೆ, ಎರಡೂ ಕಡೆಯ ವಸ್ತು ನೀರು ಹೀರಿದರೆ ಅದು ಚೆನ್ನಾಗಿ ಒಣಗುತ್ತದೆ. ಅಲ್ಯೂಮಿನಿಯಂ ಏನು ಹೀರುತ್ತದೆ? ಇನ್ನು ಗಾಳಿಯ ತೇವ ಶೇ. 65 ಇದ್ದರೆ ಮರದೊಳಗೆ ನೀರು ಶೇ. 12ರ ಸುಮಾರು, 90ರ ಹತ್ತಿರ ಹೋದರೆ 20ರ ಆಸುಪಾಸು. ಹಾಗೆ ನೆನೆದ ಸಿಲ್ವರ್ ಓಕ್‌ನಲ್ಲಿ ಅರ್ಧ ಇಂಚಿನ ಸ್ಕ್ರೂ ತನ್ನ ತೂತನ್ನೇ ದೊಡ್ಡದು ಮಾಡಿಕೊಳ್ಳುತ್ತದೆ. ಮರದ ತಪ್ಪಲ್ಲ. ಬೀಟೆ ಹಾಕಿದ್ದರೂ ಇದೇ ಆಗುತ್ತಿತ್ತು, ಸ್ವಲ್ಪ ತಡವಾಗಿ.

ಈಗ ಮಾಡಬೇಕಾದದ್ದು. ತಂತಿಯೆಲ್ಲ ಸಡಿಲಿಸಿ ಕುದುರೆ ಬಿಚ್ಚಿ, ಹಳೆ ಗಮ್ ಉಳಿಯಿಂದ ಕೆರೆದು ತೆಗೆಯಿರಿ. ಮತ್ತೆ ಗಮ್ ಬೇಡವೇ ಬೇಡ. ಕುದುರೆಯನ್ನು ಹಳೆಯ ಜಾಗಕ್ಕೆ ಇಟ್ಟು, ಹಲಗೆಯ ಆರಪಾರ ಎರಡು 5 ಮಿ.ಮೀ. ಬೋಲ್ಟ್ ಹಾಕಿ. ಹಳೆ ಸ್ಕ್ರೂ ತೂತಿನಲ್ಲಲ್ಲ, ಪಕ್ಕದಲ್ಲಿ ಹೊಸ ತೂತು. ಅಡಿಯಲ್ಲಿ ಅಗಲದ ವಾಷರ್, ಸ್ಪ್ರಿಂಗ್ ವಾಷರ್, ನಟ್. ತೊಡೆಗೆ ಚುಚ್ಚದ ಹಾಗೆ ನಟ್ಟಿಗೆ ಸ್ವಲ್ಪ ಗುಳಿ ತೋಡಿ. ಪಿಕಪ್‌ನ ಅರ್ತ್ ವೈರ್ ಕುದುರೆಯ ಅಡಿಗೆ ಮತ್ತೆ ಸಿಗಿಸಲು ಮರೆಯಬೇಡಿ.

ಅಡಿಭಾಗದ ಪಾಲಿಶ್ ಈಗ ಹೊಡೆಯಬೇಡಿ. ಈ ಹವೆಯಲ್ಲಿ ಅರಗಿನ ಪಾಲಿಶ್ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ, ಒಳಗಿನ ನೀರೂ ಒಳಗೇ ಉಳಿಯುತ್ತದೆ. ಜನವರಿ ಕಳೆಯಲಿ. ಆಗ ಹಲಗೆ ಒಣಗಿ ದಪ್ಪ ಇಳಿದು ಬೋಲ್ಟ್ ಸಡಿಲವಾಗಿರುತ್ತದೆ, ಒಂದು ಸುತ್ತು ಬಿಗಿ ಮಾಡಿ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸುವ ಆಸೆ ಬರುತ್ತದೆ, ಬೇಡ, ಸೀಳು ಬಿಡುತ್ತದೆ.

ಸಿಟ್ಟು ಬರಬಾರದು, ಒಂದು ಮಾತು: ಗೆರೆ ಅಂಟಿಸುವುದು ಯಾವತ್ತೂ ಕಡೆಯ ಕೆಲಸ. ತಂತಿ ಕಟ್ಟಿ, ಒಂದು ವಾರ ಎಳೆತದಲ್ಲಿ ಬಿಟ್ಟು, ಮೇರು ಕುದುರೆ ಎರಡೂ ನಿಂತ ಮೇಲೆ ಅಳೆದು ಅಂಟಿಸಬೇಕು. ನನ್ನ ಮೊದಲ ಎರಡು ವಾದ್ಯದಲ್ಲಿ ನಾನೂ ಇದೇ ಮಾಡಿದ್ದೆ.

ಟೊಳ್ಳುಕತ್ತು, ವಿರಾಜಪೇಟೆ
ಜುಲೈ 15

ಮಧ್ಯೆ ಬಾಯಿ ಹಾಕ್ತೇನೆ. ನಂದು ವೈಸೆನ್‌ಬಾರ್ನ್ ಮಾದರಿಯ ಲ್ಯಾಪ್ ಗಿಟಾರ್, ಒಡಲಷ್ಟೇ ಅಲ್ಲ ಕತ್ತೂ ಟೊಳ್ಳು. ಮಳೆಗೆ ಮುಂಭಾಗದ ತೆಳು ಹಲಗೆ ಹೊಟ್ಟೆ ಬಂದ ಹಾಗೆ ಉಬ್ಬಿದೆ, ಕುದುರೆ ಮುಂದಕ್ಕೆ ವಾಲಿದೆ. ಬೋಲ್ಟ್ ನಂಗೂ ಆಗುತ್ತಾ?

ಹಲಸಿನಹಲಗೆ, ಮೈಸೂರು
ಜುಲೈ 15

ಖಂಡಿತ ಬೇಡ. ತೆಳು ಹಲಗೆಗೆ ಬೋಲ್ಟ್ ಹಾಕಿದರೆ ದನಿ ಸಾಯುತ್ತದೆ. ತಂತಿಯನ್ನು ಎರಡು ಸ್ವರ ಕೆಳಗೆ ಇಳಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಹಾಕಿ ಮುಚ್ಚಿಡಿ, ವಾರಕ್ಕೊಮ್ಮೆ ಆ ಚೀಲ ಒಣಗಿಸಿ. ಒಳಗಿನ ಪಟ್ಟಿ ಬಿಟ್ಟಿದೆಯೋ ಅಂತ ಬೆರಳಲ್ಲಿ ತಟ್ಟಿ ನೋಡಿ; ಟಕ್ ಅನ್ನದೆ ಕಿರ್ ಅಂದರೆ ಬಿಟ್ಟಿದೆ. ಬೇರೆ ಪ್ರಶ್ನೆಯಾಗಿ ಹಾಕಿ, ಫೋಟೋ ಸಮೇತ.

ಕರಿಮೆಣಸು
ಜುಲೈ 24

ಎಲೆಕ್ಟ್ರಿಷಿಯನ್ ಬಂದಿದ್ದರು. ಇನ್ವರ್ಟರ್ ಸಾಕೆಟ್‌ಗೆ ಅರ್ತ್ ವೈರೇ ಇರಲಿಲ್ಲ. ಹಾಕಿದರು, ಜುಮ್ ನಿಂತಿದೆ. ಗುಂಯ್ ಇದೆ, ಅದರ ಜೊತೆ ಬದುಕ್ತೇನೆ.

ಕುದುರೆ ಬಿಚ್ಚೋಕೆ ಸ್ಕ್ರೂಡ್ರೈವರೇ ಬೇಕಾಗಲಿಲ್ಲ, ತಂತಿ ಸಡಿಲ ಮಾಡಿದ್ದೇ ಕೈಗೆ ಬಂತು. ಅಡಿಯಲ್ಲಿ ಗಮ್ ಇನ್ನೂ ರಬ್ಬರ್ ತರ ಇತ್ತು, ನಾಲ್ಕು ತಿಂಗಳಾದ ಮೇಲೂ. ಸಿದ್ದಾಪುರದಲ್ಲಿ ಆ ಅಳತೆಯ ಉದ್ದ ಬೋಲ್ಟ್ ಸಿಗದೆ ಮಡಿಕೇರಿಗೆ ಹೋದಾಗ ತಂದೆ. ವಾರದಿಂದ ಎಳೆತದಲ್ಲಿದೆ. ಇವತ್ತಿನ ಅಂಕಿ: 5ಕ್ಕೆ 0, 12ಕ್ಕೆ 1, 17ಕ್ಕೆ 0. ಮೀಂಡ್‌ಮರುಳ ಸರ್, ಕಣ್ಣು ಮುಚ್ಚಿಯೂ ನುಡಿಸಿ ನೋಡಿದೆ. ತೆರೆದಾಗ ಬಾರ್ ಗೆರೆಯಿಂದ ಅರ್ಧ ಇಂಚು ಆಚೆ ಇತ್ತು!

ಒಂದೇ ತೊಂದರೆ. ತಂತಿ ಅದುಮೋಕೆ ಅಂಗೈ ಇಟ್ಟರೆ ಬೋಲ್ಟಿನ ತಲೆ ಒತ್ತುತ್ತೆ.

ಸಂಪಾಜೆಕಾರ
ಜುಲೈ 24

ಆರು ಮೂಲೆಯ ತಲೆ ಹಾಕಿದ್ರಾ? ಗುಂಡು ತಲೆಯದ್ದು ಸಿಗ್ತದೆ, ಅಲೆನ್ ಕೀ ಹಾಕುವಂಥದ್ದು, ಸೈಕಲ್ ಅಂಗಡಿಯಲ್ಲೂ ಉಂಟು. ಒಂದೊಂದೇ ಬಿಚ್ಚಿ ಬದಲಿಸಿ. ಎರಡನ್ನೂ ಒಟ್ಟಿಗೆ ಬಿಚ್ಚಿದ್ರೆ ಕುದುರೆ ಪುನಃ ಓಡ್ತದೆ.